ಫ್ಯಾನಿ ಲೂ ಹೇಮರ್ ಅಮ್ಮನವರು

ದಾಸನನ್ನು ಬಿಡುಗಡೆ ಮಾಡುವಾತನು ಅವನನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬುದು ಮೋಶೆಯ ಧರ್ಮಶಾಸ್ತ್ರದಲ್ಲಿರುವ ವಿಧಿ. ಈ ವಿಧಿಯನ್ನು ಒಂದು ದೇಶವು ಮೀರಿದಾಗ ಏನಾಗುವುದೆಂಬುದನ್ನು ತನ್ನ ಬಾಳಿನಿಂದಲೇ ಅರಿತ ಒಬ್ಬ ತಾಯಿಯ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರ ಮುಂದಿಡಲು ನಾವು ಅಪೇಕ್ಷಿಸುತ್ತೇವೆ.

ಅಮೇರಿಕಾ ದೇಶದಲ್ಲಿ ಗುಲಾಮಗಿರಿಯು ಅಳಿಯುತ್ತಿದ್ದಾಗ, 1865ರಲ್ಲಿ, ಸೇನಾಪತಿ ಶರ್ಮನನು ದಕ್ಷಿಣದ ಕಡಲತೀರದ ಭೂಮಿಯನ್ನು ಬಿಡುಗಡೆ ಹೊಂದಿದ ಕುಟುಂಬಗಳಿಗೆ 40 ಎಕರೆಗೆ ಮೀರದಂತೆ ಹಂಚಲು ಅಪ್ಪಣೆ ಮಾಡಿದನು. ಅದೇ ವರ್ಷ ಅಧ್ಯಕ್ಷನಾದ ಆಂಡ್ರೂ ಜಾನ್ಸನನು ಅದನ್ನು ಹಿಂದಣ ಒಡೆಯರಿಗೇ ಮರಳಿಸಲು ಆಜ್ಞಾಪಿಸಿದನು. ಉತ್ತವರು ಕೂಲಿಗಳಾಗಿಯೂ ಕೋರುಪಾಲಿನವರಾಗಿಯೂ ಉಳಿದರು.

ಅಂಥ ಕಪ್ಪು ಜನಾಂಗದ ಒಂದು ಮನೆಯಲ್ಲಿ, ಮಿಸಿಸಿಪ್ಪಿ ಸಂಸ್ಥಾನದಲ್ಲಿ, 1917ನೆಯ ಇಸವಿ ಅಕ್ಟೋಬರ್ 6ರಂದು ಫ್ಯಾನಿ ಲೂ ಇಪ್ಪತ್ತನೆಯ ಮಗುವಾಗಿ ಹುಟ್ಟಿದರು. ಆರನೆಯ ವಯಸ್ಸಿನಲ್ಲಿಯೇ ಹತ್ತಿ ಬಿಡಿಸಲಾರಂಭಿಸಿದರು. ತಂದೆಯು ಕಷ್ಟದಿಂದ ಹಣ ಕೂಡಿಸಿ ಹೇಸರಗತ್ತೆಗಳನ್ನೂ ಹಸುಗಳನ್ನೂ ಕೊಂಡಾಗ, ಯಾರೋ ಮೇವಿನಲ್ಲಿ ವಿಷವಿಟ್ಟು ಅವುಗಳನ್ನು ಕೊಂದರು. ಮನೆಯು ಪುನಃ ಬಡತನದಲ್ಲಿ ಮುಳುಗಿತು.

1962ನೆಯ ಆಗಸ್ಟ್ 31ರಂದು ಅಮ್ಮನವರು ಇಂಡಿಯಾನೋಲ ಪಟ್ಟಣಕ್ಕೆ ಹೋಗಿ ಮತದಾರರ ಪಟ್ಟಿಯಲ್ಲಿ ಹೆಸರು ಬರೆಯಿಸಲು ಯತ್ನಿಸಿದರು. ಹಿಂದಿರುಗುವಾಗ ಭೀತರಾದ ಜೊತೆಯವರಿಗೆ ಕ್ರೈಸ್ತ ಗೀತೆಗಳನ್ನು ಹಾಡಿ ಧೈರ್ಯವಿತ್ತರು. ಅಂದೇ ಹೊಲದ ಒಡೆಯನು, ಹದಿನೆಂಟು ವರ್ಷ ದುಡಿದಿದ್ದ ಅವರನ್ನು ಹೊರಡಿಸಿಬಿಟ್ಟನು. 1963ರ ಜೂನ್ ತಿಂಗಳಲ್ಲಿ ವಿನೋನ ಪಟ್ಟಣದ ಸೆರೆಮನೆಯಲ್ಲಿ ಅವರಿಗೆ ಬಿದ್ದ ಏಟುಗಳ ನೋವು ಜೀವಮಾನವಿಡೀ ಮಾಯಲಿಲ್ಲ.

ಮತ ಕೇಳಿದವರ ಕೂಳನ್ನು ಕಸಿಯುವ ಶಕ್ತಿಯು ಅನ್ಯರ ಕೈಯಲ್ಲಿರುವ ತನಕ ಮತವು ನಿಲ್ಲದೆಂದು ಅವರು ಕಂಡುಕೊಂಡರು. 1962ರ ಚಳಿಗಾಲದಲ್ಲಿ ನೆರೆಯ ಲಿಫ್ಲೋರ್ ಜಿಲ್ಲೆಯ ಅಧಿಕಾರಿಗಳು ಬಡವರಿಗೆ ಸಲ್ಲುತ್ತಿದ್ದ ಸರ್ಕಾರದ ಆಹಾರವನ್ನೇ ನಿಲ್ಲಿಸಿದ್ದರಷ್ಟೆ! ಆದಕಾರಣ 1969ರಲ್ಲಿ ಸನ್‌ಫ್ಲವರ್ ಜಿಲ್ಲೆಯಲ್ಲಿ 40 ಎಕರೆ ಕೊಂಡು, ಸ್ವಾತಂತ್ರ್ಯದ ಹೊಲವೆಂಬ ಸಹಕಾರ ಸಂಘವನ್ನು ಸ್ಥಾಪಿಸಿದರು. ಮುಂದೆ 640 ಎಕರೆ ಸೇರಿತು. ಅಲ್ಲಿ ಕಾಯಿಪಲ್ಯ, ಕಾಳುಗಳನ್ನು ಹಸಿದವರಿಗಾಗಿ ಬೆಳೆದರು. ಹತ್ತಿಯನ್ನು ಸಾಲ ತೀರಿಸಲು ಬೆಳೆದರು. ನೀಗ್ರೋ ಸ್ತ್ರೀಯರ ರಾಷ್ಟ್ರೀಯ ಸಭೆಯ ನೆರವಿನಿಂದ ಹಂದಿಗಳ ಬ್ಯಾಂಕೊಂದು ನಡೆಯಿತು. ಗಬ್ಬದ ಹಂದಿಯನ್ನು ಪಡೆದ ಮನೆಯವರು ಅದರ ಮರಿಗಳಲ್ಲಿ ಎರಡನ್ನು ಹಿಂದಕ್ಕೆ ಕೊಡಬೇಕು. ಅವು ಬೇರೆ ಬಡವರಿಗೆ ಸಲ್ಲುವುವು. ತೆಗೆದುಕೊಂಡವರೇ ಕೊಡುವವರಾಗುವ ಈ ಏರ್ಪಾಡಿನಲ್ಲಿ ಭಿಕ್ಷೆಯ ನಾಚಿಕೆಯಿರಲಿಲ್ಲ.

ಆದರೆ ಪ್ರವಾಹ, ಅನಾವೃಷ್ಟಿ, ಹಣದ ಅಭಾವಗಳಿಂದ ಸಂಘವು ಕುಗ್ಗಿ, 1976ರ ವೇಳೆಗೆ ಹೊಲವು ಕೈಬಿಟ್ಟಿತು. 1977ನೆಯ ಮಾರ್ಚ್ 14ರಂದು ಅಮ್ಮನವರು ಪ್ರಭುವಿನಲ್ಲಿ ನಿದ್ರೆಹೋದರು. ಸಂಘವು ಕೊಂಡಿದ್ದ ರೂಲ್‌ವಿಲ್ಲಿನ ನೆಲದಲ್ಲಿಯೇ ಅವರ ಸಮಾಧಿಯಿದೆ.

ಅವರು ಸೋತರೆಂದು ಹೇಳಲು ನಮಗೆ ಮನಸ್ಸು ಬಾರದು. ಒಂದು ದೇಶವು ತೀರಿಸಬೇಕಾಗಿದ್ದ ಋಣವನ್ನು ಬಡ ಹೆಂಗಸೊಬ್ಬಳು ತನ್ನ ಹೆಗಲಿಗೇರಿಸಿಕೊಂಡು ಏಳು ವರ್ಷ ಹೊತ್ತಳು. ಹೊರೆಯು ಜಾರಿತೆಂದು ಹೊತ್ತವಳನ್ನು ದೂರುವುದು ನ್ಯಾಯವಲ್ಲ. ಋಣವಂತೂ ಇನ್ನೂ ತೀರಿಲ್ಲ. ಊಟಕ್ಕೆ ಮುಂಚೆ ಸ್ತೋತ್ರ ಮಾಡುವ ನಾವು, ಆ ಅನ್ನ ಬೆಳೆದವರಿಗೆ ಭೂಮಿಯುಂಟೋ ಎಂದು ಕೇಳುವುದನ್ನೂ ಕಲಿಯೋಣ.