ತಬಲಾದ ಕಪ್ಪು ಕರಣೆ ಮತ್ತು ಸರ್ ಸಿ.ವಿ. ರಾಮನ್



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಊರುಗಳಲ್ಲಿ ಜಾತ್ರೆ, ಮೊಹರಂ ಬಂದರೆ ಹಲಗೆಯ ಸದ್ದು ಕೇಳಿಸುತ್ತದೆ. ಭಜನೆಯಲ್ಲಿ ತಬಲಾ ನುಡಿಯುತ್ತದೆ. ಎರಡೂ ಚರ್ಮವಾದ್ಯಗಳೇ. ಆದರೆ ತಬಲಾದ ನಾದ ಹಾಡಿನ ಶ್ರುತಿಗೆ ಹೊಂದುತ್ತದೆ, ಹಲಗೆಯದು ಹಾಗೆ ಹೊಂದುವುದಿಲ್ಲ. ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದವರು ವಿಜ್ಞಾನಿ ಸಿ.ವಿ. ರಾಮನ್.

ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಅವರ ತಂದೆ ಅಧ್ಯಾಪಕರು, ಪಿಟೀಲನ್ನೂ ನುಡಿಸುತ್ತಿದ್ದರು. 1907ರಲ್ಲಿ ರಾಮನ್ ಕಲ್ಕತ್ತದಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾದರು. ಕಚೇರಿಗೆ ಹೋಗುವ ಮುನ್ನ ಮತ್ತು ಕಚೇರಿ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ಪಿಟೀಲು, ಏಕತಾರಿ ಮೊದಲಾದ ವಾದ್ಯಗಳನ್ನು ಪರೀಕ್ಷಿಸುತ್ತಿದ್ದರು. 1917ರಲ್ಲಿ ಹೆಚ್ಚು ಸಂಬಳದ ಆ ಕೆಲಸ ಬಿಟ್ಟು ಪ್ರಾಧ್ಯಾಪಕರಾದರು.

ತಂತಿಯನ್ನು ಮೀಟಿದಾಗ ಮೂಲ ಸ್ವರದ ಜೊತೆಗೆ ಅದರ 2, 3, 4 ಪಟ್ಟು ವೇಗದಲ್ಲಿ ಕಂಪಿಸುವ ಸ್ವರಗಳೂ ಹುಟ್ಟುತ್ತವೆ. ಇವು ಒಂದಕ್ಕೊಂದು ಹೊಂದಿಕೊಂಡು ಇಂಪಾಗುತ್ತವೆ. ಬರಿಯ ಚರ್ಮವನ್ನು ಬಾರಿಸಿದರೆ ಹುಟ್ಟುವುದು 1.59, 2.14 ಪಟ್ಟಿನ ಸ್ವರಗಳು. ಇವು ಹೊಂದುವುದಿಲ್ಲ, ಬರೀ ಸದ್ದಾಗುತ್ತದೆ. ಇದು ಚರ್ಮವಾದ್ಯದ ಹುಟ್ಟುದೋಷ.

ತಬಲಾ, ಮೃದಂಗಗಳಲ್ಲಿ ಈ ದೋಷಕ್ಕೆ ಮದ್ದು ಇದೆ. ಅದೇ ಚರ್ಮದ ಮೇಲಿನ ಕಪ್ಪು ಕರಣೆ! ಕಬ್ಬಿಣದ ಅಂಶವುಳ್ಳ ಪುಡಿಯನ್ನು ಅಂಟಿನಲ್ಲಿ ಕಲಸಿ, ಪದರ ಪದರವಾಗಿ ಮೆತ್ತಿ ಅದನ್ನು ಮಾಡುತ್ತಾರೆ. ಅದರ ಭಾರದಿಂದ ಚರ್ಮದ ಕಂಪನಗಳು ಬದಲಾಗಿ, ತಂತಿಯಂತೆಯೇ ಸರಿಸುಮಾರು 1, 2, 3, 4, 5 ಪಟ್ಟಿನ ಸ್ವರಗಳು ಬರುತ್ತವೆ. ಇದನ್ನು ರಾಮನ್ 1920ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಪ್ರಕಟಿಸಿದರು. ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ ಬಾರಿಸಿದಾಗ, ಕಂಪಿಸದ ಗೆರೆಗಳಲ್ಲಿ ಮರಳು ನಿಂತು ಚಿತ್ರ ಮೂಡುತ್ತಿತ್ತು. ಹೆಸರು ತಿಳಿಯದ ಕುಶಲಕರ್ಮಿಗಳು ಕಿವಿಯಿಂದಲೇ ಕಂಡುಕೊಂಡಿದ್ದನ್ನು ರಾಮನ್ ಕಣ್ಣಿಗೆ ಕಾಣುವಂತೆ ಮಾಡಿದರು.

ಹಾಗಾದರೆ ತಬಲಾದಲ್ಲಿ ದೋಷವೇ ಇಲ್ಲವೇ? ಇದೆ. ತೇವದಲ್ಲಿ ಚರ್ಮ ಸಡಿಲಾಗುತ್ತದೆ, ಬಿಸಿಲಿಗೆ ಬಿಗಿಯುತ್ತದೆ. ಅದಕ್ಕೇ ಕಲಾವಿದರು ಸುತ್ತಿಗೆಯಿಂದ ತಟ್ಟಿ ಮತ್ತೆ ಮತ್ತೆ ಶ್ರುತಿ ಮಾಡುತ್ತಾರೆ. ಬಳಸಿದಂತೆ ಕರಣೆಯೂ ಸವೆಯುತ್ತದೆ.

ರಾಮನ್ 1928ರ ಫೆಬ್ರವರಿ 28ರಂದು ಬೆಳಕಿನ 'ರಾಮನ್ ಪರಿಣಾಮ'ವನ್ನು ಕಂಡುಹಿಡಿದರು. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. 1933ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ನೊಬೆಲ್ ಬಂದ ಮೇಲೂ ಅವರು ಮೃದಂಗ, ತಬಲಾಗಳನ್ನು ಮರೆಯಲಿಲ್ಲ. 1934ರಲ್ಲಿ ಅವುಗಳ ಬಗ್ಗೆ ಇನ್ನೊಂದು ಪ್ರಬಂಧ ಬರೆದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು.

ಮಾಡಿ ನೋಡಿ: ಲೋಟದ ಬಾಯಿಗೆ ಬಲೂನಿನ ರಬ್ಬರ್ ಬಿಗಿದು ಕಟ್ಟಿ, ಮೇಲೆ ಸ್ವಲ್ಪ ಉಪ್ಪು ಉದುರಿಸಿ. ಹತ್ತಿರ ಬಾಯಿಟ್ಟು ಜೋರಾಗಿ 'ಓ' ಎನ್ನಿ. ಉಪ್ಪಿನ ಕಾಳುಗಳು ಏನು ಮಾಡುತ್ತವೆ?