ಜೋಸೆಫ್ ಮೆಕಾರ್ಥಿ

ಜೋಸೆಫ್ ರೇಮಂಡ್ ಮೆಕಾರ್ಥಿ (ನವೆಂಬರ್ 14, 1908 – ಮೇ 2, 1957) ಅಮೆರಿಕ ಸಂಯುಕ್ತ ಸಂಸ್ಥಾನದ ರಿಪಬ್ಲಿಕನ್ ಪಕ್ಷದ ರಾಜಕಾರಣಿ. ವಿಸ್ಕಾನ್ಸಿನ್ ರಾಜ್ಯದ ರೈತ ಕುಟುಂಬದಲ್ಲಿ ಜನಿಸಿದ ಇವರು ವಕೀಲರಾಗಿ, ನ್ಯಾಯಾಧೀಶರಾಗಿ ಕಾರ್ಯನಿರ್ವಹಿಸಿ, 1946ರಲ್ಲಿ ಸೆನೆಟ್‌ಗೆ ಆಯ್ಕೆಯಾದರು.

1950ರ ಫೆಬ್ರವರಿ 9ರಂದು ವೆಸ್ಟ್ ವರ್ಜೀನಿಯಾದ ವೀಲಿಂಗ್ ನಗರದಲ್ಲಿ ಮಾಡಿದ ಭಾಷಣದಲ್ಲಿ, ವಿದೇಶಾಂಗ ಇಲಾಖೆಯೊಳಗೆ ಕಮ್ಯುನಿಸ್ಟರು ಸೇರಿಕೊಂಡಿದ್ದಾರೆಂದೂ ಅವರ ಪಟ್ಟಿ ತಮ್ಮ ಬಳಿಯಿದೆಯೆಂದೂ ಸಾರಿದರು. ಮುಂದೆ ಅವರು ಹೇಳಿದ ಸಂಖ್ಯೆ ಬದಲಾಗುತ್ತ ಹೋಯಿತೇ ಹೊರತು ಆರೋಪ ಸಾಬೀತಾಗಲಿಲ್ಲ. ಆದರೂ ಶೀತಲ ಸಮರದ ಭೀತಿಯಲ್ಲಿದ್ದ ಅನೇಕರು ನಂಬಿದರು. ಡೆಮಾಕ್ರಟಿಕ್ ಸರ್ಕಾರವನ್ನು ಹಣಿಯಲು ಇದು ಅನುಕೂಲಕರವಾಗಿದ್ದುದರಿಂದ ಸ್ವಪಕ್ಷೀಯರಲ್ಲಿ ಹೆಚ್ಚಿನವರು ತಡೆಯಲಿಲ್ಲ. ಅದೇ ವರ್ಷದ ಜೂನ್ 1ರಂದು ಸೆನೆಟ್‌ನಲ್ಲಿ ಇಂತಹ ಭಯದ ರಾಜಕಾರಣವನ್ನು ವಿರೋಧಿಸಿದ ರಿಪಬ್ಲಿಕನ್ ಸದಸ್ಯೆ ಮಾರ್ಗರೆಟ್ ಚೇಸ್ ಸ್ಮಿತ್ ಅವರ ಹೇಳಿಕೆಗೆ ಸಹಿ ಹಾಕಿದ ಸಹಸದಸ್ಯರು ಆರು ಮಂದಿ ಮಾತ್ರ.

1953ರಲ್ಲಿ ಸ್ವಪಕ್ಷವೇ ಅಧಿಕಾರಕ್ಕೆ ಬಂದಾಗ ಸೆನೆಟ್‌ನ ತನಿಖಾ ಉಪಸಮಿತಿಯ ಅಧ್ಯಕ್ಷರಾದ ಮೆಕಾರ್ಥಿ, ಸೇನೆಯ ಮೇಲೂ ಆರೋಪ ಹೊರಿಸಿದರು. 1954ರಲ್ಲಿ ಟೆಲಿವಿಷನ್‌ನಲ್ಲಿ ಪ್ರಸಾರವಾದ ವಿಚಾರಣೆಯಲ್ಲಿ ಅವರ ದಬ್ಬಾಳಿಕೆಯ ವರ್ತನೆಯನ್ನು ಜನರು ಕಣ್ಣಾರೆ ಕಂಡರು. ಡಿಸೆಂಬರ್ 2ರಂದು ಸೆನೆಟ್ 67–22 ಮತಗಳಿಂದ ಅವರನ್ನು ಖಂಡಿಸಿತು. ಮತ ಚಲಾಯಿಸಿದ ರಿಪಬ್ಲಿಕನ್ನರು ಸರಿಸಮವಾಗಿ ಇಬ್ಭಾಗವಾಗಿದ್ದರು. ಆ ಬಳಿಕ ಪ್ರಭಾವ ಕಳೆದುಕೊಂಡ ಅವರು 48ನೆಯ ವಯಸ್ಸಿನಲ್ಲಿ ನಿಧನರಾದರು. ಆಧಾರವಿಲ್ಲದೆ ಎದುರಾಳಿಯನ್ನು ದೇಶದ್ರೋಹಿಯೆಂದು ಬಿಂಬಿಸುವ ರಾಜಕಾರಣಕ್ಕೆ ಮೆಕಾರ್ಥಿವಾದ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.