ಎಂಟು ಮಕ್ಕಳನ್ನು ಕಡಲಾಚೆಯಿಂದ ಮನೆಗೆ ತಂದ ಹ್ಯಾರಿ ಹೋಲ್ಟ್

1955ರ ಅಕ್ಟೋಬರ್ 14ರಂದು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ವಿಮಾನ ನಿಲ್ದಾಣದಲ್ಲಿ ಐವತ್ತು ವರ್ಷದ ಒಬ್ಬ ರೈತರು ಹನ್ನೆರಡು ಕೊರಿಯನ್ ಮಕ್ಕಳೊಂದಿಗೆ ಬಂದಿಳಿದರು. ಅವರಲ್ಲಿ ಎಂಟು ಮಕ್ಕಳು ಅವರದೇ ಮನೆಗೆ, ಉಳಿದ ನಾಲ್ಕು ಮಕ್ಕಳು ಬೇರೆ ಕುಟುಂಬಗಳಿಗೆ. ಎಲ್ಲರೂ ಕೈಗೂಸುಗಳು ಮತ್ತು ಪುಟ್ಟ ಮಕ್ಕಳು. ಆ ರೈತರ ಹೆಸರು ಹ್ಯಾರಿ ಹೋಲ್ಟ್. ಒಂದು ದೇಶದ ಅನಾಥ ಮಗು ಇನ್ನೊಂದು ದೇಶದ ಮನೆಯ ಮಗುವಾಗುವ ವ್ಯವಸ್ಥೆ ಇಂದು ಲೋಕಕ್ಕೆಲ್ಲ ಪರಿಚಿತ. ಅದು ದೊಡ್ಡ ಪ್ರಮಾಣದಲ್ಲಿ ಆರಂಭವಾದದ್ದರಲ್ಲಿ ಈ ದಂಪತಿಗಳ ಪಾಲು ಬಹಳ ದೊಡ್ಡದು. ಅದರ ಒಳಿತನ್ನೂ ಅದರ ಗಾಯಗಳನ್ನೂ ತಿಳಿಯಬೇಕಾದರೆ ಅವರ ಜೀವನವನ್ನು ನೋಡಬೇಕು.

ಸಾಧಾರಣ ಕುಟುಂಬ

ಹ್ಯಾರಿ 1905ರಲ್ಲಿ ಹುಟ್ಟಿದರು. ಪತ್ನಿ ಬರ್ತಾ ಅವರಿಗಿಂತ ಒಂದು ವರ್ಷ ಹಿರಿಯರು, ದಾದಿಯ ತರಬೇತಿ ಪಡೆದವರು. ಮೊದಲು ಸೌತ್ ಡಕೋಟಾದಲ್ಲಿ ಬೇಸಾಯ ಮಾಡಿಕೊಂಡಿದ್ದ ಇವರು, ಬರಗಾಲ ಮತ್ತು ಆರ್ಥಿಕ ಕುಸಿತದ ಆ ಕಷ್ಟದ ವರ್ಷಗಳಲ್ಲಿ ಒರೆಗಾನ್‌ಗೆ ವಲಸೆ ಬಂದರು. ಅಲ್ಲಿ ಮರದ ಮಿಲ್ಲು ನಡೆಸಿ, ಕ್ರೆಸ್‌ವೆಲ್ ಎಂಬ ಊರಿನ ಬಳಿ ಜಮೀನು ಮಾಡಿ ಅನುಕೂಲಸ್ಥರಾದರು. ಆರು ಮಂದಿ ಮಕ್ಕಳ ತುಂಬು ಸಂಸಾರ.

1950ರಲ್ಲಿ ಹ್ಯಾರಿಗೆ ತೀವ್ರ ಹೃದಯಾಘಾತವಾಯಿತು. ಪ್ರಾಣ ಉಳಿಯಿತು, ಆದರೆ ಹೃದಯ ಮೊದಲಿನಂತಾಗಲಿಲ್ಲ. ಉಳಿದ ಆಯುಸ್ಸನ್ನು ದೇವರು ಯಾವುದೋ ಕೆಲಸಕ್ಕಾಗಿ ಕೊಟ್ಟಿದ್ದಾರೆ ಎಂಬ ನಂಬಿಕೆ ಅವರಲ್ಲಿ ಬೇರೂರಿತು. ಹೋಲ್ಟ್ ದಂಪತಿಗಳು ಕಥೋಲಿಕರಲ್ಲ, ಪ್ರೊಟೆಸ್ಟೆಂಟ್ ಪಂಗಡದವರು. ಬೈಬಲ್ ಓದು ಮತ್ತು ಪ್ರಾರ್ಥನೆ ಅವರ ಮನೆಯ ದಿನಚರಿಯಾಗಿತ್ತು.

ಒಂದು ಚಲನಚಿತ್ರ, ಒಂದು ತೀರ್ಮಾನ

1954ರ ಡಿಸೆಂಬರ್‌ನಲ್ಲಿ ಸಮೀಪದ ಯುಜೀನ್ ನಗರದಲ್ಲಿ ವರ್ಲ್ಡ್ ವಿಷನ್ ಸಂಸ್ಥೆಯ ಬಾಬ್ ಪಿಯರ್ಸ್ ಅವರು ಕೊರಿಯಾದ ಅನಾಥ ಮಕ್ಕಳ ಕುರಿತ ಚಲನಚಿತ್ರವೊಂದನ್ನು ತೋರಿಸಿದರು. ಕೊರಿಯಾ ಯುದ್ಧ 1953ರಲ್ಲಿ ನಿಂತಿತ್ತು. ಅನಾಥಾಲಯಗಳು ತುಂಬಿ ತುಳುಕುತ್ತಿದ್ದವು. ವಿದೇಶಿ ಸೈನಿಕರಿಗೂ ಕೊರಿಯನ್ ತಾಯಂದಿರಿಗೂ ಹುಟ್ಟಿದ ಮಕ್ಕಳ ಪಾಡಂತೂ ಹೇಳತೀರದು. ಅಲ್ಲಿ ಮನೆತನವನ್ನು ಗುರುತಿಸುತ್ತಿದ್ದದ್ದು ತಂದೆಯ ಕಡೆಯಿಂದ. ತಂದೆಯ ಹೆಸರಿಲ್ಲದ ಮಗುವಿಗೆ ಕುಟುಂಬದ ದಾಖಲೆಯಲ್ಲಿಯೂ ಸಮಾಜದಲ್ಲಿಯೂ ಜಾಗವಿರಲಿಲ್ಲ.

ಹೋಲ್ಟ್ ಕುಟುಂಬ ಮೊದಲು ಅನಾಥ ಮಕ್ಕಳ ಪೋಷಣೆಗೆ ಹಣ ಕಳುಹಿಸಿತು. ಆದರೆ ಹಣ ಕಳುಹಿಸಿ ಕೈತೊಳೆದುಕೊಳ್ಳಲು ಹ್ಯಾರಿ ಮತ್ತು ಬರ್ತಾ ಅವರ ಮನಸ್ಸು ಒಪ್ಪಲಿಲ್ಲ. ಮನೆಯಲ್ಲಿ ಎಷ್ಟು ಮಕ್ಕಳಿಗೆ ಜಾಗವಾದೀತು ಎಂದು ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಹಾಕಿದರು. ಎಂಟು ಮಂದಿಯನ್ನು ದತ್ತು ಪಡೆಯುವುದೆಂದು ತೀರ್ಮಾನವಾಯಿತು. ದೊಡ್ಡ ಮಕ್ಕಳೂ ಒಪ್ಪಿದರು.

ಕಾನೂನು ಅಡ್ಡ ಬಂತು. ಅಂದಿನ ಅಮೆರಿಕದ ನಿಯಮದಂತೆ ಒಂದು ಕುಟುಂಬ ವಿದೇಶದಿಂದ ಎರಡು ಮಕ್ಕಳನ್ನು ಮಾತ್ರ ತರಬಹುದಾಗಿತ್ತು. ಉಳಿದ ಆರು ಮಕ್ಕಳಿಗಾಗಿ ಸಂಸತ್ತಿನಲ್ಲಿ ಪ್ರತ್ಯೇಕ ಮಸೂದೆಯೇ ಬೇಕಿತ್ತು. ಒರೆಗಾನ್‌ನ ಸೆನೆಟರ್ ರಿಚರ್ಡ್ ನ್ಯೂಬರ್ಗರ್ ಅದನ್ನು ಕೈಗೆತ್ತಿಕೊಂಡರು. ಮಸೂದೆ ಪಾಸಾಗುವವರೆಗೆ ಹ್ಯಾರಿ ಕಾಯಲಿಲ್ಲ, ಕೊರಿಯಾಕ್ಕೆ ಹೊರಟೇಬಿಟ್ಟರು. ಬರ್ತಾ ಮನೆಯಲ್ಲಿದ್ದು ಮಕ್ಕಳನ್ನೂ ಜಮೀನನ್ನೂ ನೋಡಿಕೊಳ್ಳುತ್ತ, ಪತ್ರಗಳ ಮೇಲೆ ಪತ್ರ ಬರೆದು ಮಸೂದೆಯ ಬೆನ್ನು ಹತ್ತಿದರು. 1955ರ ಬೇಸಗೆಯಲ್ಲಿ ಅದು ಅಂಗೀಕಾರವಾಯಿತು.

ದಾರಿಯಲ್ಲಿ ಟೋಕಿಯೋದಲ್ಲಿ ತಂಗಿದ್ದಾಗ ಹ್ಯಾರಿಗೆ ತಾನು ಮಾಡುತ್ತಿರುವುದು ಸರಿಯೇ ಎಂಬ ಸಂಶಯ ಕಾಡಿತಂತೆ. ಬೈಬಲ್ ತೆರೆದಾಗ ಕಣ್ಣಿಗೆ ಬಿದ್ದದ್ದು ಯೆಶಾಯ ಪ್ರವಾದಿಯ ಗ್ರಂಥದ 43ನೇ ಅಧ್ಯಾಯ, ಪೂರ್ವದಿಂದ ಸಂತತಿಯನ್ನು ಕರೆತರುವ ವಾಗ್ದಾನವಿರುವ ಭಾಗ. ಅದನ್ನೇ ಉತ್ತರವೆಂದು ಅವರು ಸ್ವೀಕರಿಸಿದರು. ಮುಂದೆ ಬರ್ತಾ ಬರೆದ ಪುಸ್ತಕದ ಹೆಸರು ಬಂದದ್ದೂ ಇದೇ ಭಾಗದಿಂದ.

ಮನೆಯಿಂದ ಸಂಸ್ಥೆಗೆ

ಪೋರ್ಟ್‌ಲ್ಯಾಂಡ್‌ನ ಚಿತ್ರಗಳು ಪತ್ರಿಕೆಗಳಲ್ಲಿ ಬಂದದ್ದೇ ತಡ, ತಮಗೂ ಮಗು ಬೇಕೆಂದು ಕೇಳುವ ಪತ್ರಗಳು ಕ್ರೆಸ್‌ವೆಲ್‌ಗೆ ರಾಶಿ ರಾಶಿಯಾಗಿ ಬಂದವು. 1956ರಲ್ಲಿ ಹೋಲ್ಟ್ ದತ್ತು ಸಂಸ್ಥೆ ಹುಟ್ಟಿತು. ಹ್ಯಾರಿ ಬಾಡಿಗೆ ವಿಮಾನಗಳಲ್ಲಿ ಡಜನುಗಟ್ಟಲೆ ಮಕ್ಕಳನ್ನು ಒಮ್ಮೆಗೇ ಅಮೆರಿಕಕ್ಕೆ ತರತೊಡಗಿದರು. ತಂದೆತಾಯಿ ಕೊರಿಯಾಕ್ಕೆ ಹೋಗಬೇಕೆಂದಿರಲಿಲ್ಲ. ಅವರ ಪರವಾಗಿ ಹ್ಯಾರಿಯೇ ಅಲ್ಲಿ ದತ್ತು ಪ್ರಕ್ರಿಯೆ ಮುಗಿಸುತ್ತಿದ್ದರು.

ಇಲ್ಲಿಯೇ ಟೀಕೆ ಆರಂಭವಾಯಿತು. ಮಗುವನ್ನು ಒಮ್ಮೆಯೂ ನೋಡದ ದಂಪತಿಗೆ ಮಗುವನ್ನು ಒಪ್ಪಿಸುವುದು ಅಪಾಯಕರ ಎಂದು ಅಮೆರಿಕದ ಮಕ್ಕಳ ಕಲ್ಯಾಣ ಕಾರ್ಯಕರ್ತರು ಎಚ್ಚರಿಸಿದರು. ಹ್ಯಾರಿ ದಂಪತಿಗಳ ಕ್ರೈಸ್ತ ವಿಶ್ವಾಸದ ಬಗ್ಗೆ ವಿಚಾರಿಸುತ್ತಿದ್ದಷ್ಟು ಆ ಮನೆಯ ಸ್ಥಿತಿಗತಿ, ಸ್ವಭಾವಗಳ ಬಗ್ಗೆ ವಿಚಾರಿಸುತ್ತಿರಲಿಲ್ಲ ಎಂಬುದು ಅವರ ದೂರು. ಹ್ಯಾರಿಗೆ ಆತುರವಿತ್ತು. ಅನಾಥಾಲಯಗಳಲ್ಲಿ ಮಕ್ಕಳು ಅಪೌಷ್ಟಿಕತೆಯಿಂದ, ಭೇದಿಯಿಂದ ಸಾಯುವುದನ್ನು ಅವರು ಕಣ್ಣಾರೆ ಕಂಡಿದ್ದರು. ಕಾಗದಪತ್ರಗಳ ವಿಳಂಬ ಅವರಿಗೆ ಸಾವಿನ ವಿಳಂಬವಿಲ್ಲದ ಓಟದಂತೆ ಕಾಣುತ್ತಿತ್ತು. ಎರಡೂ ಕಡೆಯವರ ಮಾತಿನಲ್ಲಿ ಸತ್ಯವಿತ್ತು. ಕೊನೆಗೆ 1961ರಲ್ಲಿ ಅಮೆರಿಕದ ಕಾನೂನು ಬದಲಾಗಿ, ಇಂತಹ ಪ್ರತಿನಿಧಿ ದತ್ತುಗಳಿಗೆ ತಡೆ ಬಿತ್ತು.

ಯಾರೂ ಕೇಳದ ಮಕ್ಕಳು

ಯಾರೂ ದತ್ತು ಕೇಳದ, ಅಂಗವಿಕಲ ಹಾಗೂ ಕಾಯಿಲೆಯ ಮಕ್ಕಳಿಗಾಗಿ ಹ್ಯಾರಿ ಸೋಲ್ ನಗರದ ಬಳಿಯ ಇಲ್ಸಾನ್ ಎಂಬಲ್ಲಿ ಗುಡ್ಡದ ಮೇಲೆ ಆಶ್ರಯಧಾಮ ಕಟ್ಟಿಸಿದರು. ದಣಿದ ಹೃದಯ ಅಲ್ಲಿಯೇ ನಿಂತಿತು. 1964ರ ಏಪ್ರಿಲ್ 28ರಂದು ಹ್ಯಾರಿ ತೀರಿಕೊಂಡರು. ಅವರ ಸಮಾಧಿಯೂ ಇಲ್ಸಾನ್‌ನಲ್ಲಿಯೇ ಇದೆ.

ಬರ್ತಾ ಕೆಲಸವನ್ನು ನಿಲ್ಲಿಸಲಿಲ್ಲ. ಲೋಕವೆಲ್ಲ ಅವರನ್ನು ಹೋಲ್ಟ್ ಅಜ್ಜಿ ಎಂದೇ ಕರೆಯಿತು. 2000ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಂಡ ಅವರನ್ನು ಪತಿಯ ಪಕ್ಕದಲ್ಲಿಯೇ ಮಣ್ಣು ಮಾಡಲಾಯಿತು. ಮಗಳು ಮಾಲಿ ಹೋಲ್ಟ್ ದಾದಿಯಾಗಿ ಕೊರಿಯಾದಲ್ಲಿ ಹಲವು ದಶಕ ಅಂಗವಿಕಲರ ಸೇವೆ ಮಾಡಿ, 2019ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು.

ಕಹಿ ಸತ್ಯ

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಹ್ಯಾರಿ ಸತ್ತ ಮೇಲೆ, ಯುದ್ಧದ ಅನಾಥರು ದೊಡ್ಡವರಾದ ಮೇಲೂ, ಕೊರಿಯಾದಿಂದ ಮಕ್ಕಳು ಹೊರಹೋಗುವುದು ನಿಲ್ಲಲಿಲ್ಲ. ಬದಲಿಗೆ ಹೆಚ್ಚಿತು. 1980ರ ದಶಕದ ನಡುವೆ ಅದು ತುತ್ತತುದಿಗೆ ಏರಿ, ವರ್ಷಕ್ಕೆ 8,000ಕ್ಕೂ ಮಿಕ್ಕಿ ಮಕ್ಕಳು ಹೊರಹೋದರು. ಹಲವು ಸಂಸ್ಥೆಗಳು ಈ ಕೆಲಸದಲ್ಲಿದ್ದವು. ದಕ್ಷಿಣ ಕೊರಿಯಾದ ಸತ್ಯ ಮತ್ತು ಸಂಧಾನ ಆಯೋಗ 2025ರ ಮಾರ್ಚ್‌ನಲ್ಲಿ ನೀಡಿದ ತೀರ್ಮಾನದಂತೆ, ಹೆತ್ತವರಿದ್ದ ಮಕ್ಕಳನ್ನೂ ಅನಾಥರೆಂದು ದಾಖಲಿಸಲಾಗಿತ್ತು, ಗುರುತುಗಳನ್ನು ಬದಲಿಸಲಾಗಿತ್ತು, ಸರ್ಕಾರ ಕಣ್ಣುಮುಚ್ಚಿ ಕುಳಿತಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ ದೇಶದ ಅಧ್ಯಕ್ಷರು ಕ್ಷಮೆ ಕೇಳಿದರು. ಅಮೆರಿಕದಲ್ಲಿ ಬೆಳೆದ ಕೆಲವರಿಗೆ, ಸಾಕಿದವರು ಪೌರತ್ವದ ಕಾಗದ ಮಾಡಿಸದೆ ಬಿಟ್ಟ ಕಾರಣ, ನಡುವಯಸ್ಸಿನಲ್ಲಿ ಗಡೀಪಾರಿನ ಸಂಕಟವೂ ಬಂತು.

ಹ್ಯಾರಿಯ ಪ್ರೀತಿ ಸುಳ್ಳೆಂದು ನಾವು ಹೇಳಲಾರೆವು. ಆದರೆ ಪ್ರೀತಿಯೊಂದೇ ಸಾಲದು ಎಂಬುದನ್ನು ಈ ಇತಿಹಾಸ ನಮಗೆ ತೋರಿಸುತ್ತದೆ. ಮಗುವಿಗೆ ಮನೆ ಬೇಕು, ನಿಜ. ತಾನು ಯಾರ ಮಗು ಎಂಬ ನಿಜವಾದ ದಾಖಲೆಯೂ ಅಷ್ಟೇ ಬೇಕು.

ನಮಗೇನು ಪಾಠ?

ನಮ್ಮ ದೇಶದಲ್ಲಿ ಬಹುಕಾಲ ಕ್ರೈಸ್ತರಿಗೆ ದತ್ತು ಕಾನೂನೇ ಇರಲಿಲ್ಲ. 1890ರ ಕಾಯಿದೆಯಂತೆ ಪೋಷಕರಾಗಬಹುದಿತ್ತೇ ಹೊರತು ಕಾನೂನಿನ ಪ್ರಕಾರ ತಂದೆತಾಯಿ ಆಗುವಂತಿರಲಿಲ್ಲ. 2000ದ ಬಾಲನ್ಯಾಯ ಕಾಯಿದೆ ಆ ಬಾಗಿಲು ತೆರೆಯಿತು. ಈಗ 2015ರ ಕಾಯಿದೆ ಜಾರಿಯಲ್ಲಿದ್ದು, ಕೇಂದ್ರ ದತ್ತು ಪ್ರಾಧಿಕಾರದ ಮೂಲಕ ನೋಂದಣಿಯಾಗಬೇಕು, ದತ್ತು ಆದೇಶ ಜಿಲ್ಲಾಧಿಕಾರಿಯವರಿಂದ ಬರಬೇಕು.

ಚರ್ಚಿನ ಬಾಗಿಲಲ್ಲಿ ಮಗು ಸಿಕ್ಕಿದರೆ, ಮದುವೆಯಾಗದ ತಾಯಿಯೊಬ್ಬಳು ಮಗುವನ್ನು ಯಾರಿಗಾದರೂ ಕೊಟ್ಟುಬಿಡಿ ಎಂದು ಅತ್ತು ಬೇಡಿಕೊಂಡರೆ, ಮಕ್ಕಳಿಲ್ಲದ ಒಳ್ಳೆಯ ದಂಪತಿಗೆ ಗುಟ್ಟಾಗಿ ಒಪ್ಪಿಸೋಣ ಎಂಬ ಆಸೆ ನಮ್ಮಲ್ಲಿ ಯಾರಿಗೂ ಬಂದೀತು. ಅದು ಕಾನೂನಿನ ಪ್ರಕಾರ ಅಪರಾಧ. ಸಿಕ್ಕಿದ ಮಗುವಿನ ವಿಷಯವನ್ನು 24 ಗಂಟೆಯೊಳಗೆ ತಿಳಿಸಬೇಕು. 1098 ಸಂಖ್ಯೆಗೆ ಕರೆ ಮಾಡಬಹುದು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸುವ ತಾಯಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವಿದೆ. ಆ ಎರಡು ತಿಂಗಳು ಕೊರಿಯಾದ ಎಷ್ಟೋ ತಾಯಂದಿರಿಗೆ ಸಿಕ್ಕಿರಲಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ದತ್ತು ಮಕ್ಕಳಿದ್ದಾರೆ, ಮಕ್ಕಳಿಗಾಗಿ ಕಾದಿರುವ ದಂಪತಿಗಳೂ ಇದ್ದಾರೆ. ಅವರನ್ನು ನೋಡಿ ಪಿಸುಮಾತಾಡುವುದನ್ನು ಬಿಟ್ಟು, ಸರಿಯಾದ ದಾರಿ ತೋರಿಸಿ ಜೊತೆಗೆ ನಡೆಯೋಣ. ಹ್ಯಾರಿ ಹೋಲ್ಟ್ ಅವರಂತೆ ಮನೆಯ ಬಾಗಿಲನ್ನು ಅಗಲವಾಗಿ ತೆರೆಯೋಣ. ಅವರು ಆತುರದಲ್ಲಿ ಬಿಟ್ಟ ವಿಚಾರಣೆಯನ್ನು ನಾವು ತಾಳ್ಮೆಯಿಂದ ಮಾಡೋಣ.